6ಜಿ ಸರ್ಟಿಫಿಕೇಟಿಗೆ ಲೈಫ್‌ಟೈಮ್ ಎಲ್ಲಿಂದ ಬಂತು?

ಸಂಪಾದಕರಿಗೆ ನಮಸ್ಕಾರ.

ನಿಮ್ಮ ಪೇಪರಲ್ಲಿ ಗಲ್ಫ್ ಕೆಲಸದ ಜಾಹೀರಾತಿನ ಪಕ್ಕದಲ್ಲೇ "ಹದಿನೈದು ದಿನದಲ್ಲಿ 6ಜಿ ಸರ್ಟಿಫಿಕೇಟ್, ಲೈಫ್‌ಟೈಮ್ ವ್ಯಾಲಿಡಿಟಿ" ಅಂತ ಬಂದಿತ್ತು. ಐಟಿಐ ಮುಗಿಸಿರೋ ನಮ್ಮಕ್ಕನ ಮಗ ಅದನ್ನ ಕತ್ತರಿಸಿ ಇಟ್ಕೊಂಡು ದುಡ್ಡು ಕಟ್ಟೋಕೆ ಹೊರಟಿದ್ದ. ನಾನು ಪೀಣ್ಯದಲ್ಲಿ ಹದಿನೆಂಟು ವರ್ಷದಿಂದ ವೆಲ್ಡಿಂಗ್ ಮಾಡ್ತಿರೋನು, ಅದಕ್ಕೇ ಬರೀತಿದೀನಿ.

ಪೈಪನ್ನ 45 ಡಿಗ್ರಿ ಓರೆಯಾಗಿ ಫಿಕ್ಸ್ ಮಾಡಿ, ಅದನ್ನ ತಿರುಗಿಸದೆ ನಾವೇ ಸುತ್ತ ಬಗ್ಗಿ ಎದ್ದು ಜಾಯಿಂಟ್ ತುಂಬೋ ವೆಲ್ಡಿಂಗ್ ಟೆಸ್ಟಿಗೆ 6ಜಿ ಅಂತಾರೆ. (ಮೊಬೈಲಿಗೆ 5ಜಿ ಬರೋಕೆ ಮುಂಚೆನೇ ನಾವು 6ಜಿ ಹೊಡೆದಿದ್ವಿ ಅಂತ ಶಾಪಲ್ಲಿ ತಮಾಷೆ ಮಾಡ್ತೀವಿ.) ಪ್ರೆಶರ್ ವೆಸಲ್ (ಒತ್ತಡ ತಡ್ಕೊಳ್ಳೋ ಟ್ಯಾಂಕು), ಪೈಪಿಂಗ್ ಕೆಲಸಕ್ಕೆ ವೆಲ್ಡರ್ ಟೆಸ್ಟಿನ ರೂಲು ಅಂತ ಜಾಸ್ತಿ ಕಡೆ ನೋಡೋದು ಅಮೆರಿಕದ ಎಎಸ್‌ಎಂಇ ಕೋಡಿನ ಸೆಕ್ಷನ್ 9. ಅದರಲ್ಲಿ 6ಜಿ ಪಾಸಾದೋನು ಮಿಕ್ಕ ಪೊಸಿಷನ್ (ಜಾಯಿಂಟ್ ಅಡ್ಡ, ನೆಟ್ಟಗೆ, ತಲೆ ಮೇಲೆ ಹೇಗೇ ಇರಲಿ) ಎಲ್ಲಾ ಮಾಡಬಹುದು, ನಿಜ. ಆದ್ರೆ ಆರ್ಕಲ್ಲಿ (ರಾಡ್ ಹಿಡಿದು ಮಾಡೋ ವೆಲ್ಡಿಂಗ್) ಪಾಸಾದೋನು ಟಿಗ್ (ಗ್ಯಾಸ್ ಬಿಟ್ಟು ಟಂಗ್‌ಸ್ಟನ್ ಕಡ್ಡೀಲಿ ಮಾಡೋದು) ಮುಟ್ಟಬೇಕಾದ್ರೆ ಬೇರೆ ಟೆಸ್ಟ್ ಕೊಡ್ಬೇಕು, ದಪ್ಪಕ್ಕೂ ಮಿತಿ ಇದೆ, ಟೆಸ್ಟಲ್ಲಿ 6 ಎಂಎಂ ತುಂಬಿದ್ರೆ 12ರ ತನಕ ಮಾತ್ರ. ಕಟ್ಟಡದ ಸ್ಟೀಲ್ ಕೆಲಸಕ್ಕೆ ಎಡಬ್ಲ್ಯೂಎಸ್ ಡಿ1.1 ಅನ್ನೋ ಇನ್ನೊಂದು ಅಮೆರಿಕದ ಕೋಡು ಕೇಳ್ತಾರೆ, ನಮ್ಮಲ್ಲಿ ಬಾಯ್ಲರ್ ಕೆಲಸ ಅಂದ್ರೆ ಐಬಿಆರ್ (ಭಾರತದ ಬಾಯ್ಲರ್ ನಿಯಮ), ಅದರ ಟೆಸ್ಟೇ ಬೇರೆ.

ಇನ್ನು ಲೈಫ್‌ಟೈಮ್ ಕಥೆ. ಸೆಕ್ಷನ್ 9ರಲ್ಲಿ, ಪಾಸಾದ ಪ್ರೋಸೆಸ್‌ನಲ್ಲಿ (ಆರ್ಕೋ ಟಿಗ್ಗೋ) ಆರು ತಿಂಗಳು ಕೈ ಆಡಿಸದೆ ಬಿಟ್ರೆ ಕ್ವಾಲಿಫಿಕೇಷನ್ ಹೋಯ್ತು. ಕಂಪನಿಯ ಕಂಟ್ರೋಲಲ್ಲಿ ಮಾಡಿದ ಕೆಲಸ ಮಾತ್ರ ಲೆಕ್ಕ. ಕಾಗದಕ್ಕಾಗಿ ಮಾಡಿರೋ ರೂಲು ಅಂತ ನಾನೂ ಬೈಕೊಂಡಿದ್ದೆ, ಒಂದ್ಸಲ ಕೆಲಸ ಬಿಟ್ಟು ಎಂಟು ತಿಂಗಳು ಗ್ರಿಲ್ಲು ಗೇಟು ಅಂತ 6013 ಅನ್ನೋ ಸುಲಭದ ರಾಡಲ್ಲಿ ಟ್ಯಾಕ್ (ಚಿಕ್ಕ ಚಿಕ್ಕ ಟಾಕು) ಹೊಡ್ಕೊಂಡಿದ್ದು ಹೊಸ ಕಂಪನೀಲಿ 7018 ರಾಡ್ ಹಿಡಿದು ಟೆಸ್ಟ್ ಕೊಟ್ರೆ ರೂಟ್ ಬೆಂಡಲ್ಲಿ (ಜಾಯಿಂಟಿಂದ ಪಟ್ಟಿ ಕತ್ತರಿಸಿ, ವೆಲ್ಡಿನ ಬುಡ ಹೊರಗೆ ಬರೋ ಹಾಗೆ ಬಗ್ಗಿಸೋ ಟೆಸ್ಟು) ಪಟ್ಟಿ ಬಾಯಿ ಬಿಡ್ತು, ಬಿರುಕು 3 ಎಂಎಂ ದಾಟಿದ್ರೆ ಫೇಲು, ನಂದು ದಾಟಿತ್ತು. ಮೇಲಿಂದ ನೋಡಿದ್ರೆ ಬೀಡ್ ಮುತ್ತು ಪೋಣಿಸಿದ ಹಾಗಿತ್ತು ಕಣ್ರೀ!

ಇನ್ನೊಂದು, ವೆಲ್ಡರನ್ನ ಕ್ವಾಲಿಫೈ ಮಾಡೋ ಜವಾಬ್ದಾರಿ ಸೆಕ್ಷನ್ 9ರಲ್ಲಿ ಕೆಲಸ ಮಾಡಿಸೋ ಕಂಪನೀದು. ಕಂಪನಿ ಬದಲಾದ್ರೆ ಸಾಮಾನ್ಯವಾಗಿ ಮತ್ತೆ ಟೆಸ್ಟ್. ಹಾಗಾಗಿ ಟ್ರೈನಿಂಗ್ ಸೆಂಟರಲ್ಲಿ ಕೈ ಪಳಗಿದ್ರೆ ಅದೇ ಲಾಭ, ಅವರು ಕೊಡೋ ಕಾಗದ ಕಂಪನಿ ಗೇಟ್ ತನಕ ಅಷ್ಟೇ. ಟ್ರೈನಿಂಗ್ ಚೆನ್ನಾಗಿ ಕೊಡೋರೂ ಇದಾರೆ, ಇಲ್ಲ ಅಂತಲ್ಲ.

ಲೈಫ್‌ಟೈಮ್ ಅನ್ನೋ ಜಾಹೀರಾತು ಹಾಕೋ ಮುಂಚೆ ನೀವೂ ಒಂದ್ಸಲ ವಿಚಾರಿಸಿ ಸರ್. ಹುಡುಗನಿಗೆ ನಾನು ಹೇಳಿರೋದು ಇಷ್ಟೇ, ಯಾವ ಕೋಡು, ಯಾವ ಪ್ರೋಸೆಸ್ಸು, ಎಷ್ಟು ದಪ್ಪ, ಯಾವ ಡಬ್ಲ್ಯೂಪಿಎಸ್ (ವೆಲ್ಡ್ ಹೇಗೆ ಮಾಡಬೇಕು ಅಂತ ಬರೆದಿರೋ ಹಾಳೆ) ಮೇಲೆ ಟೆಸ್ಟ್ ತಗೋತೀರ, ಬೆಂಡ್ ಮಾಡ್ತೀರೋ ಎಕ್ಸ್‌ರೇ ತೆಗೀತೀರೋ ಅಂತ ಕೇಳು. ಫೋನ್ ಮಾಡಿ ಕೇಳಿದ. "ಬಂದು ದುಡ್ಡು ಕಟ್ಟಿ, ಆಮೇಲೆ ಹೇಳ್ತೀವಿ" ಅಂದ್ರಂತೆ.

– ಒಬ್ಬ ವೆಲ್ಡರ್, ಪೀಣ್ಯ, ಬೆಂಗಳೂರು