ಮಳೆ ಲೆಕ್ಕಕ್ಕೆ ಇಪ್ಪತ್ತು ವರ್ಷ: ಅದರ ಮುಖ ತಿದ್ದಿದವರಿಗೆ ಒಂದು ಥ್ಯಾಂಕ್ಸ್

ಈ ಸಲದ ಮೃಗಶಿರ ಮಳೆ ಹುಟ್ಟಿದ ದಿನಕ್ಕೆ ನಮ್ಮ ಮಳೆ ಲೆಕ್ಕದ ವೆಬ್‌ಸೈಟಿಗೆ 20 ವರ್ಷ ತುಂಬಿತು. ಶುರು ಮಾಡಿದ್ದು 2005ರ ಜೂನ್‌ನಲ್ಲಿ. ತೀರ್ಥಹಳ್ಳಿಯಿಂದ ಆಗುಂಬೆ ಕಡೆ ಹೋಗುವ ದಾರಿಯಲ್ಲಿ ನಮ್ಮ ಮನೆ. ಅಂಗಳದಲ್ಲಿ, ಅಡಿಕೆ ಮರಗಳಿಂದ ದೂರ, ಒಂದು ಮಳೆ ಮಾಪಕ ಇದೆ. ದಿನಾ ಬೆಳಿಗ್ಗೆ ಎಂಟೂವರೆಗೆ ಅದರ ನೀರು ಅಳೆಯುವುದು, ಹಿಂದಿನ 24 ಗಂಟೆಯಲ್ಲಿ ಎಷ್ಟು ಬಂತು ಅಂತ ಸೈಟಿಗೆ ಹಾಕುವುದು. ಅಷ್ಟೇ ಕೆಲಸ. ಹವಾಮಾನ ಇಲಾಖೆಯವರು ಅಳೆಯುವುದೂ ಅದೇ ಎಂಟೂವರೆಗೆ, ಹಾಗಾಗಿ ಒಂದಕ್ಕೊಂದು ಹೋಲಿಸಿ ನೋಡಲು ಬರುತ್ತದೆ.

ಮೊನ್ನೆ ಮಳೆ ಸ್ವಲ್ಪ ಹೊಳವು (ಬಿಡುವು) ಕೊಟ್ಟಿತ್ತು. ಹಳೆಯ ವೆಬ್ ಪುಟಗಳ ನಕಲು ಇಟ್ಟುಕೊಳ್ಳುವ ವೇಬ್ಯಾಕ್ ಮೆಷಿನ್‌ನಲ್ಲಿ ನಮ್ಮ ಸೈಟಿನ ಹಳೆಯ ಮುಖಗಳನ್ನೆಲ್ಲ ಒಂದೊಂದಾಗಿ ತೆಗೆದು ನೋಡುತ್ತಾ ಕೂತೆ. ಹೆಂಡತಿ ಪಕ್ಕದಲ್ಲಿ ಕೂತು ಪ್ರತಿಯೊಂದಕ್ಕೂ "ಇದು ಆ ಮೇಡಂ ಫೋನ್ ಮಾಡಿದ ಮೇಲಿಂದು, ಇದು ಆ ಗುಡ್ಡದ ಹುಡುಗ ಹೇಳಿದ ಮೇಲಿಂದು" ಅಂತ ಹೇಳುತ್ತಿದ್ದಳು. ಆಗ ಗೊತ್ತಾಯಿತು, ಇಷ್ಟು ವರ್ಷದಲ್ಲಿ ನಾನಾಗಿ ಯೋಚಿಸಿ ಮಾಡಿದ ಬದಲಾವಣೆ ಹೆಚ್ಚಿಲ್ಲ. ಯಾರೋ ಒಬ್ಬರಿಗೆ ಓದಲು ಆಗಲಿಲ್ಲ, ಅವರು ಹೇಳಿದರು, ನಾನು ತಿದ್ದಿದೆ. ಅವರಿಗೆಲ್ಲ ನಾನು ಸರಿಯಾಗಿ ಥ್ಯಾಂಕ್ಸ್ ಹೇಳಿಲ್ಲ. ಅದಕ್ಕೇ ಈ ಬರಹ.

ಮೊದಲನೆಯ ಮುಖ ಜಿಯೋಸಿಟೀಸ್‌ನಲ್ಲಿತ್ತು, ಅವರು ವೆಬ್‌ಸೈಟಿಗೆ ಬಿಟ್ಟಿ ಜಾಗ ಕೊಡುತ್ತಿದ್ದರು. ತೀರ್ಥಹಳ್ಳಿಯ ಸೈಬರ್ ಕೆಫೆಯಲ್ಲಿ ಕೂತು ನೋಟ್‌ಪ್ಯಾಡ್‌ನಲ್ಲಿ ಎಚ್‌ಟಿಎಂಎಲ್ ಬರೆದದ್ದು. ಹೇಳಿಕೊಟ್ಟವನು ಅತ್ತೆ ಮಗ, ಬೆಂಗಳೂರಿಂದ ರಜೆಗೆ ಬಂದಿದ್ದ. ಎರಡು ಸಂಜೆಯಲ್ಲಿ ಟೇಬಲ್ ಹಾಕುವುದು, ಬಣ್ಣ ಹಾಕುವುದು, ಅಕ್ಷರ ಓಡಿಸುವುದು ಎಲ್ಲ ಕಲಿಸಿ ಹೋದ. ಹಿಂದೆ ಜೋಗದ ಫೋಟೊ, ಮೇಲೆ ಓಡುವ ಸಾಲು, ಕೆಳಗೆ ಎಷ್ಟು ಜನ ಬಂದರು ಅಂತ ತೋರಿಸುವ ಕೌಂಟರ್. ಆ ಕೆಫೆಯ ಅಣ್ಣ ನನ್ನಿಂದ ಅರ್ಧ ಗಂಟೆಯ ದುಡ್ಡು ತಗೊಂಡು ಒಂದು ಗಂಟೆ ಕೂರಲು ಬಿಡುತ್ತಿದ್ದರು. ಮಳೆಗಾಲದಲ್ಲಿ ಲೈನ್ ಹೋದರೆ ಚೀಟಿಯಲ್ಲಿ ಅಂಕಿ ಬರೆದಿಟ್ಟು ಬರುತ್ತಿದ್ದೆ, ಲೈನ್ ಬಂದ ಮೇಲೆ ಅವರೇ ಹಾಕುತ್ತಿದ್ದರು. ಅಂಗಡಿ ಮುಚ್ಚಿ ಎಷ್ಟೋ ವರ್ಷ ಆಯಿತು. ಅಣ್ಣ, ನಿಮ್ಮನ್ನು ಮರೆತಿಲ್ಲ.

ಆಗ ದೊಡ್ಡ ಕಷ್ಟ ಕನ್ನಡದ್ದೇ. ನುಡಿ ಅನ್ನುವ ಕನ್ನಡ ಟೈಪಿಂಗ್ ಸಾಫ್ಟ್‌ವೇರ್‌ನಲ್ಲಿ ಬರೆದು ಹಾಕಿದರೆ, ನೋಡುವವರ ಕಂಪ್ಯೂಟರಿನಲ್ಲಿ ಆ ಫಾಂಟ್ ಇಲ್ಲದಿದ್ದರೆ, ಇಂಗ್ಲಿಷ್ ಅಕ್ಷರಗಳಿಗೆ ಚುಕ್ಕಿ ಕೊಂಬು ಅಂಟಿಸಿದ ಹಾಗೆ ಏನೋ ಕಾಣುತ್ತಿತ್ತು. ಅದಕ್ಕೆ ತಲೆಬರಹ, ನಕ್ಷತ್ರದ ಹೆಸರು, ಇವತ್ತಿನ ಮಳೆ ಎಲ್ಲವನ್ನೂ ಚಿತ್ರ ಮಾಡಿ ಹಾಕುತ್ತಿದ್ದೆ. ರೋಹಿಣಿ ಒಂದು ಚಿತ್ರ, ಮೃಗಶಿರ ಒಂದು ಚಿತ್ರ, ಆರಿದ್ರಾ ಒಂದು ಚಿತ್ರ. ನೋಡಲು ಚೆಂದ ಇತ್ತು.

2009ರ ಅಕ್ಟೋಬರ್‌ನಲ್ಲಿ ಜಿಯೋಸಿಟೀಸ್ ಮುಚ್ಚಿತು. ದುಡ್ಡು ಕೊಟ್ಟು ಬೇರೆ ಕಡೆ ಜಾಗ ತಗೊಂಡೆ. ಹೇಗೂ ಮನೆ ಬದಲಿಸುತ್ತಿದ್ದೇವೆ, ಪ್ರತಿ ಅಕ್ಷರಕ್ಕೂ ಎಲ್ಲ ಕಡೆ ಒಂದೇ ಸಂಕೇತ ಇರುವ ಯೂನಿಕೋಡ್‌ಗೂ ಹೋಗಿಬಿಡೋಣ ಅಂದುಕೊಂಡೆ. ನಾಲ್ಕು ವರ್ಷದ ನುಡಿ ಬರಹವನ್ನು ಕನ್ವರ್ಟರ್‌ಗೆ ಹಾಕಿದರೆ ಬಹಳಷ್ಟು ಸರಿ ಬಂತು, ಅರ್ಕಾವೊತ್ತು ಮಾತ್ರ ಕೆಟ್ಟಿತು. ಹಳೆಯ ಫಾಂಟ್‌ಗಳಲ್ಲಿ ಅರ್ಕಾವೊತ್ತು ಕಣ್ಣಿಗೆ ಕಾಣುವ ಜಾಗದಲ್ಲೇ, ಅಂದರೆ ಅಕ್ಷರದ ನಂತರ ಕೂರುತ್ತದೆ. ಯೂನಿಕೋಡ್‌ನಲ್ಲಿ ಬಾಯಲ್ಲಿ ಹೇಳುವ ಹಾಗೆ ರ ಮೊದಲು ಬರಬೇಕು. ಆ ಅದಲು ಬದಲು ಆಗದೆ ಪುನರ್ವಸು ಅನ್ನುವುದೆಲ್ಲ 'ಪುನವರ್ಸು' ಆಗಿತ್ತು. ವರ್ಷಕ್ಕೆ ಒಂದು ಪುನರ್ವಸು, ಅದರಲ್ಲಿ ಹದಿನಾಲ್ಕು ದಿನ, ಪ್ರತಿ ದಿನದ ಸಾಲಿನಲ್ಲೂ ಆ ಹೆಸರು. ಹೆಂಡತಿ ರಾತ್ರಿ ಅಡುಗೆಮನೆ ಕೆಲಸ ಮುಗಿಸಿ ಬಂದು ಒಂದೊಂದು ಪುಟವನ್ನೂ ಕೂತು ಓದಿದಳು. ಪುನರ್ವಸು ಸುಲಭ, ಒಟ್ಟಿಗೆ ಬದಲಿಸಬಹುದು. 'ವರ್ಷ', 'ಗರ್ಜನೆ', 'ಪೂರ್ತಿ' ಅಂತ ನಾನು ಅಲ್ಲಲ್ಲಿ ಬರೆದ ಟಿಪ್ಪಣಿಗಳೇ ಜಾಸ್ತಿ ಕಾಟ ಕೊಟ್ಟಿದ್ದು. ಅವಳು ಹುಡುಕಿ ಹೇಳುವುದು, ನಾನು ತಿದ್ದುವುದು. ಎರಡು ತಿಂಗಳು ಹಿಡಿಯಿತು. ಆ ಕಾಲದಲ್ಲಿ ವಿಂಡೋಸ್ ಎಕ್ಸ್‌ಪಿ ಕಂಪ್ಯೂಟರ್ ಇದ್ದವರು ಸಿಡಿ ಹಾಕಿ ಒಂದು ಸೆಟ್ಟಿಂಗ್ ಬದಲಿಸಿದರೆ ಮಾತ್ರ ಒತ್ತಕ್ಷರ ಸರಿ ಕೂರುತ್ತಿತ್ತು. ಅದನ್ನು ಮಾಡಿಕೊಂಡು, ಪಕ್ಕದ ಮನೆಯವರಿಗೂ ಮಾಡಿಕೊಟ್ಟ ಓದುಗರಿದ್ದಾರೆ. ನಿಮಗೆ ಕೈ ಮುಗಿದೆ.

ಯೂನಿಕೋಡ್ ಬಂದ ಮೇಲೂ ನಾನು ಆ ಚಿತ್ರದ ಅಕ್ಷರಗಳನ್ನು ತೆಗೆದಿರಲಿಲ್ಲ. ಚೆಂದ ಇದೆಯಲ್ಲ ಅಂತ ಇಟ್ಟುಕೊಂಡಿದ್ದೆ. ಒಂದು ದಿನ ಸಾಗರದಿಂದ ಒಬ್ಬರು ಮೇಡಂ ಫೋನ್ ಮಾಡಿದರು. ಅವರಿಗೆ ಕಣ್ಣು ಕಾಣುವುದಿಲ್ಲ, ಪರದೆಯ ಮೇಲಿನದನ್ನು ಓದಿ ಹೇಳುವ ಎನ್‌ವಿಡಿಎ ಅನ್ನುವ ಸಾಫ್ಟ್‌ವೇರ್ ಬಳಸುತ್ತಾರೆ. "ನಿಮ್ಮ ಸೈಟಲ್ಲಿ ಮಳೆ ಎಷ್ಟು ಅಂತ ಅದು ಹೇಳೋದೇ ಇಲ್ಲ. ಗ್ರಾಫಿಕ್, ಗ್ರಾಫಿಕ್ ಅಂತ ಹೇಳ್ಕೊಂಡು ಮುಂದೆ ಹೋಗುತ್ತೆ" ಅಂದರು. ಬೈಯಲಿಲ್ಲ. ನಿಧಾನವಾಗಿ, ಫೋನನ್ನು ಸ್ಪೀಕರ್ ಹತ್ತಿರ ಹಿಡಿದು ಕೇಳಿಸಿದರು. ನಮ್ಮ ಪುಟ ನನ್ನ ಕಿವಿಗೆ ಬಿದ್ದದ್ದು ಅದೇ ಮೊದಲು. ಗ್ರಾಫಿಕ್. ಗ್ರಾಫಿಕ್. ಆಮೇಲೆ ಒಂದಷ್ಟು ಅಂಕಿ, ಯಾವ ದಿನದ್ದು, ಯಾವ ತಿಂಗಳದ್ದು ಒಂದೂ ಇಲ್ಲ.

ಅವತ್ತು ರಾತ್ರಿಯೇ ಚಿತ್ರಗಳನ್ನೆಲ್ಲ ತೆಗೆದು ಅಕ್ಷರ ಹಾಕಿದೆ. ಟೇಬಲ್‌ನ ಮೇಲಿನ ಸಾಲು ತಲೆಸಾಲು ಅಂತ ಕೋಡ್‌ನಲ್ಲಿ ಹೇಳಿದರೆ ಒಂದು ಚೌಕದಿಂದ ಇನ್ನೊಂದಕ್ಕೆ ಹೋಗುವಾಗ ಆ ಸಾಫ್ಟ್‌ವೇರ್ 'ಜುಲೈ' ಅಂತ ಹೇಳಿ ಆಮೇಲೆ ಅಂಕಿ ಓದುತ್ತದೆ. ಅದನ್ನು ಹೇಳಿಕೊಟ್ಟದ್ದೂ ಅವರೇ. ಇವತ್ತಿಗೂ ಏನಾದರೂ ಬದಲಿಸಿದರೆ ಮೊದಲು ಅವರಿಗೆ ಫೋನ್ ಮಾಡುತ್ತೇನೆ. ಮೇಡಂ, ನಿಮ್ಮಿಂದ ಕಲಿತಷ್ಟು ನಾನು ಯಾವ ಪುಸ್ತಕದಿಂದಲೂ ಕಲಿತಿಲ್ಲ.

ಈಗ ಹೇಳಲೇಬೇಕಾದವರು ಹೊಸನಗರ ತಾಲೂಕಿನ ಒಬ್ಬ ಅಜ್ಜ. ಅಡಿಕೆ ತೋಟದವರು. ಶುರುವಿನಿಂದ ನನ್ನ ಹತ್ತಿರ ಒಂದೇ ಜಗಳ: "ಮಾರಾಯ, ನಿನ್ನ ಮಿಲಿಮೀಟರ್ ಇಟ್ಕೊಂಡು ನಾ ಎಂತ ಮಾಡ್ಲಿ, ಇಂಚಲ್ಲಿ ಹಾಕು". ಮಲೆನಾಡಲ್ಲಿ ಯಾರ ಮನೆಗೆ ಹೋದರೂ "ಎಷ್ಟು ಇಂಚು ಆಯ್ತು?" ಅಂತಲೇ ಕೇಳುವುದು ಅಲ್ವಾ. ಅವರು ಹೇಳಿದ ಮೇಲೆ ಎರಡೂ ಹಾಕತೊಡಗಿದೆ. ಒಂದು ಇಂಚು ಅಂದರೆ 25.4 ಮಿ.ಮೀ. ಆಮೇಲೆ ಇನ್ನೊಂದು ಹೇಳಿದರು. ಇಂಗ್ಲಿಷ್ ತಾರೀಕಿನ ಜೊತೆ ಮಳೆ ನಕ್ಷತ್ರವೂ ಇರಲಿ, ಆರಿದ್ರಾದಲ್ಲಿ ಎಷ್ಟು, ಆಶ್ಲೇಷದಲ್ಲಿ ಎಷ್ಟು ಅಂತ ಬೇರೆ ಬೇರೆ ಮೊತ್ತ ಬೇಕು ಅಂತ. ಅಡಿಕೆಯ ಕೊಳೆ ರೋಗಕ್ಕೆ ಬೋರ್ಡೋ ದ್ರಾವಣ ಹೊಡೆಯುವವರಿಗೆ ಹೊಳವು ಸಿಕ್ಕಿದ ದಿನಗಳೂ ಬೇಕು. ಮಳೆ ಹಿಡಿಯುವ ಮೊದಲು ಒಂದು ಸಲ, 40-45 ದಿನ ಬಿಟ್ಟು ಇನ್ನೊಂದು ಸಲ ಹೊಡೆಯಬೇಕು, ಎರಡನೆಯದಕ್ಕೆ ಹೊಳವು ಸಿಗುವುದೇ ಕಷ್ಟ. ಈಗ ಪುಟದ ಬಲಗಡೆ 'ಹೊಳವಿನ ದಿನಗಳು' ಅಂತ ಇದೆಯಲ್ಲ, ಅದು ಅವರ ಮಾತು, ಅವರ ಪದ.

2013ರಲ್ಲಿ ಸೈಟ್ ಹೋಯಿತು. ಒಂದು ಬೆಳಿಗ್ಗೆ ತೆರೆಯಲೇ ಇಲ್ಲ. ಜಾಗ ಕೊಟ್ಟ ಕಂಪನಿಯವರು ಸರ್ವರ್ ಕೆಟ್ಟಿದೆ, ನಮ್ಮ ಹತ್ತಿರ ನಕಲು ಇಲ್ಲ ಅಂದರು. ಮನೆಯ ಕಂಪ್ಯೂಟರಿನಲ್ಲಿದ್ದ ನಕಲು ಆ ಮೇ ತಿಂಗಳ ಸಿಡಿಲಿಗೆ ಮೋಡೆಮ್ ಜೊತೆ ಸುಟ್ಟಿತ್ತು. ಮೊದಲ ನಾಲ್ಕೂವರೆ ವರ್ಷದ್ದು ಒಂದು ಸಿಡಿಯಲ್ಲಿ ಉಳಿದಿತ್ತು. ಅಲ್ಲಿಂದ ಮುಂದಿನ ಮೂರೂವರೆ ವರ್ಷ ಇಲ್ಲ. ವೇಬ್ಯಾಕ್‌ನಲ್ಲಿ ಅಲ್ಲೊಂದು ದಿನ ಇಲ್ಲೊಂದು ದಿನ ಸಿಕ್ಕಿತು, ಅಷ್ಟೇ. ನಾನು ನಿಜವಾಗಿ ಕುಸಿದು ಹೋದೆ. ದಿನಾ ಬೆಳಿಗ್ಗೆ ಎಂಟೂವರೆಗೆ ಕೊಡೆ ಹಿಡಿದು ಅಂಗಳಕ್ಕೆ ಇಳಿದದ್ದೆಲ್ಲ ನೀರಲ್ಲಿ ಹೋಯಿತು, ಇನ್ನು ಸಾಕು ಅನಿಸಿತು.

ವಾರ ಕಳೆದ ಮೇಲೆ ಅಜ್ಜನ ಫೋನ್. "ಬಾ ಇಲ್ಲಿ". ಹೋದೆ. ಉದ್ದ ಗೆರೆಯ ಲೆಕ್ಕದ ಪುಸ್ತಕ, ರಟ್ಟಿಗೆ ಹಾಳೆ ಹೊದಿಸಿದ್ದು, ಒಳಗೆ ನೀಲಿ ಇಂಕು. ಎಡಗಡೆ ಅವರ ಅಂಗಳದ ಮಳೆ. ಬಲಗಡೆ 'ತೀರ್ಥಳ್ಳಿ ಹುಡುಗ' ಅಂತ ತಲೆಬರಹ, ಅದರ ಕೆಳಗೆ ನನ್ನ ಅಂಗಳದ್ದು. ಮೂರೂವರೆ ವರ್ಷ ಒಂದು ದಿನವೂ ಬಿಡದೆ ಮೊಮ್ಮಗಳ ಕೈಯಲ್ಲಿ ಸೈಟ್ ತೆರೆಸಿ ಇಂಚಿನಲ್ಲಿ ಇಳಿಸಿಕೊಂಡಿದ್ದರು. ಕೆಲವು ಕಡೆ ಅಂಕಿಯ ಮೇಲೆ ನೀರಿನ ಹನಿ ಬಿದ್ದು ಇಂಕು ಹರಡಿತ್ತು, ಅಲ್ಲಿ ಅವರೇ ಪಕ್ಕದಲ್ಲಿ ಇನ್ನೊಮ್ಮೆ ಬರೆದಿದ್ದರು. ಆ ಪುಸ್ತಕ ನೋಡಿ ನನಗೆ ಮಾತು ಬರಲಿಲ್ಲ. ಅವರ ಮನೆಯಲ್ಲೇ ಮೂರು ದಿನ ಉಳಿದು ಎಲ್ಲ ಟೈಪ್ ಮಾಡಿದೆ. ಅಜ್ಜಿ ಹೊತ್ತು ಹೊತ್ತಿಗೆ ಕಷಾಯ ಕೊಟ್ಟರು. ಸೈಟಿನಲ್ಲಿ 2010ರಿಂದ 2013ರವರೆಗಿನ ಸಾಲುಗಳಿಗೆ ತೆಳು ಕಾವಿ ಬಣ್ಣ ಇದೆ, ಯಾಕೆ ಅಂತ ಕೆಲವರು ಕೇಳಿದ್ದೀರಿ. ಅವು ಅಜ್ಜನ ಪುಸ್ತಕದಿಂದ ಬಂದವು. ಆಮೇಲೆ ಎಷ್ಟು ಸಲ ಡಿಸೈನ್ ಬದಲಾದರೂ ಆ ಬಣ್ಣವನ್ನು ಮುಟ್ಟಿಲ್ಲ.

ಅದಾದ ಮೇಲೆ ಫೋನ್‌ಗಳ ಕಾಲ ಬಂತು. ನಮ್ಮದು ಹನ್ನೆರಡು ತಿಂಗಳು ಅಡ್ಡಕ್ಕೆ, 31 ದಿನ ಉದ್ದಕ್ಕೆ ಇರುವ ದೊಡ್ಡ ಟೇಬಲ್. ಫೋನಿನಲ್ಲಿ ನೋಡಲು ಎಳೆದಾಡಬೇಕಿತ್ತು. ಮೇಲೆ ಜೋಗದ ಫೋಟೊ ಇನ್ನೂ ಇತ್ತು, ಅದೊಂದೇ ಎರಡು ಎಂಬಿ. ಯಡೂರು ಕಡೆಯ ಹುಡುಗನೊಬ್ಬ ಬರೆದ: "ಅಣ್ಣ, ನಮ್ಮೂರಲ್ಲಿ ನೆಟ್‌ವರ್ಕ್ ಸಿಗೋದು ಗುಡ್ಡದ ಮೇಲೆ ಮಾತ್ರ. ಕೊಡೆ ಹಿಡ್ಕೊಂಡು ನಿಂತು ನೋಡ್ತೀನಿ. ಫೋಟೊ ತೆಗೆದು ಇವತ್ತಿನ ನಂಬರ್ ಮೊದಲು ಬರೋ ಹಾಗೆ ಮಾಡಿ." ಜೋಗದ ಫೋಟೊ ತೆಗೆಯಲು ಮನಸ್ಸಿಗೆ ಕಷ್ಟವಾಯಿತು, ಹನ್ನೊಂದು ವರ್ಷ ಇದ್ದದ್ದು. ಆದರೆ ಗುಡ್ಡದ ಮೇಲೆ ನಿಂತ ಆ ಹುಡುಗನೇ ಕಣ್ಣ ಮುಂದೆ ಬರುತ್ತಿದ್ದ. ತೆಗೆದೆ. ಈಗ ಇಡೀ ಮೊದಲ ಪುಟ 40 ಕೆಬಿ ಒಳಗೆ ಇದೆ. ಇನ್ನೊಬ್ಬರು ಗ್ರಾಫಿನ ಹಸಿರು ಕೆಂಪು ಪಟ್ಟಿಗಳು ತಮಗೆ ಒಂದೇ ಥರ ಕಾಣುತ್ತವೆ ಅಂದರು, ಅವನ್ನು ತೆಳು ನೀಲಿಯಿಂದ ಗಾಢ ನೀಲಿಗೆ ಬದಲಿಸಿದೆ.

2019ರ ಆಗಸ್ಟ್ ನೆನಪಿದೆಯಲ್ಲ. ಆಶ್ಲೇಷ ಮಳೆ. ಮಾಪಕದ ಬಾಟಲಿ ತುಂಬಿ ಹೊರಗಿನ ಡಬ್ಬಿಗೆ ಚೆಲ್ಲಿತ್ತು, ಎರಡನ್ನೂ ಸೇರಿಸಿ ಅಳೆಯಬೇಕಾಯಿತು. ಕರೆಂಟ್ ಇಲ್ಲ, ಟವರ್ ಸತ್ತಿತ್ತು. ಊರಲ್ಲಿ ಒಬ್ಬರ ಮನೆಯ ಲ್ಯಾಂಡ್‌ಲೈನ್ ಒಂದೇ ಬದುಕಿತ್ತು. ಅತ್ತ ಶಿವಮೊಗ್ಗದಲ್ಲಿ ತುಂಗೆ ಬಡಾವಣೆಗಳಿಗೆ ನುಗ್ಗಿದ್ದಳು. ನಮ್ಮ ಗುಡ್ಡದ ಮಳೆಯೇ ತಾನೆ ಹೊಳೆಯಲ್ಲಿ ಇಳಿದು ಗಾಜನೂರು ಅಣೆಕಟ್ಟು ದಾಟಿ ಅಲ್ಲಿಗೆ ಹೋಗುವುದು. ಮೇಲೆ ಎಷ್ಟು ಬರುತ್ತಿದೆ ಅಂತ ಅಲ್ಲಿನವರು ಕಾಯುತ್ತಿದ್ದರು. ಶಿವಮೊಗ್ಗದಲ್ಲಿದ್ದ ಗೆಳತಿಗೆ ಆ ಲ್ಯಾಂಡ್‌ಲೈನ್‌ನಿಂದ ಅಂಕಿ ಹೇಳುತ್ತಿದ್ದೆ. ಅವಳು ಟೇಬಲ್, ಗ್ರಾಫ್ ಎಲ್ಲ ಬದಿಗೆ ಸರಿಸಿ ಐದೇ ಸಾಲು ಇಟ್ಟಳು: ಊರು, ಅಳೆದ ಹೊತ್ತು, ಇಂಚು, ಮಿ.ಮೀ., ಈಗ ಮಳೆ ಇದೆಯಾ ನಿಂತಿದೆಯಾ. ಬೇರೆ ಊರಿನವರೂ ಅವಳಿಗೆ ಫೋನ್ ಮಾಡಿ ತಮ್ಮ ಅಂಗಳದ ಅಂಕಿ ಕೊಟ್ಟರು. ತನ್ನ ಮನೆಯ ಕೆಳಗಿನ ರಸ್ತೆಯಲ್ಲಿ ನೀರು ನಿಂತಿದ್ದಾಗಲೂ ಅವಳು ಈ ಕೆಲಸ ಬಿಡಲಿಲ್ಲ. ಕರೆಂಟ್ ಬಂದ ಮೇಲೆ ಹಳೆಯ ಮುಖ ವಾಪಸ್ ಹಾಕಲು ಹೋದೆ. ಬೇಡ ಅನಿಸಿತು. ಇವತ್ತು ನೀವು ನೋಡುತ್ತಿರುವುದು ಅವಳ ಆ ಐದು ಸಾಲನ್ನೇ. ಉಳಿದದ್ದೆಲ್ಲ ಅದರ ಕೆಳಗಿದೆ.

ಇನ್ನೂ ಎಷ್ಟೋ ಜನ ಇದ್ದೀರಿ. ಅಕ್ಷರ ದೊಡ್ಡದು ಮಾಡಿ ಅಂದವರು, 'ಮಘ' ಅಂತ ಬರೆಯುವ ಕಡೆ 'ಮಾಘ' ಅಂತ ಬರೆದದ್ದನ್ನು ಹಿಡಿದು ಹೇಳಿದವರು, ಪ್ರತಿ ವರ್ಷ ಜಾಗದ ಬಾಡಿಗೆಗೆ ಅಂತ ಕೇಳದೆ ದುಡ್ಡು ಕಳಿಸುವ ಕೊಪ್ಪದ ದಂಪತಿ. 2023ರಲ್ಲಿ ಮಳೆ ಕೈಕೊಟ್ಟಾಗ ದಿನಾ ಸೊನ್ನೆ ಹಾಕುವುದು ಬೇಜಾರಾಗಿತ್ತು. ಆಗ "ಸೊನ್ನೆನೂ ಬೇಕು, ಹಾಕಿ" ಅಂತ ಬರೆದ ನಿಮಗೂ ಥ್ಯಾಂಕ್ಸ್.

ಅಜ್ಜನಿಗೆ ಈಗ 86. ಕೈ ನಡುಗುತ್ತದೆ, ಬರೆಯಲು ಆಗುವುದಿಲ್ಲ. ಮಾಪಕ ನೋಡುವ ಕೆಲಸ ಮೊಮ್ಮಗಳದ್ದು. ಈ ಮೃಗಶಿರ ಹುಟ್ಟಿದ ಮಾರನೇ ದಿನ ಬೆಳಿಗ್ಗೆ ಎಂಟೂ ಮೂವತ್ತೈದಕ್ಕೆ ಅವಳ ಫೋನ್ ಬಂತು. "ಮಾವ, ಬರ್ಕೊಳ್ಳಿ, ಮೂವತ್ಮೂರೂವರೆ ಮಿಲಿಮೀಟರ್" ಅಂದಳು. ಹಿಂದಿನಿಂದ ಅಜ್ಜನ ದನಿ ಕೇಳಿತು: "ಇಂಚಲ್ಲಿ ಹೇಳೇ."