ಮಗಳಿಗೊಂದು ಪತ್ರ: ಮಿಲಾನಿನಲ್ಲಿ ಕಲ್ಲಿನ ಬೆನ್ನು ಹತ್ತಿ

ಪ್ರೀತಿಯ ಮಗಳೇ,

ನೀನು ವಾಟ್ಸಾಪಿನಲ್ಲಿ ಕಳಿಸಿದ ಪಟ್ಟಿಯಲ್ಲಿ ಹತ್ತು ಜಾಗ ಇದ್ದವು. ನಾನು ನೋಡಿದ್ದು ಐದೇ. ಕೋಪ ಮಾಡಿಕೊಳ್ಳಬೇಡ, ಪೂರ್ತಿ ಓದು. ಫೋನಿನಲ್ಲೇ ಹೇಳೋಣ ಅಂದರೆ ಇಳಕಲ್ಲಿನಲ್ಲಿ ಈಗ ನಡುರಾತ್ರಿ ದಾಟಿದೆ. ಅದಕ್ಕೇ ರೂಮಿಗೆ ಬಂದವನೇ ಬರೆಯಲು ಕೂತೆ.

ಇವತ್ತಿನ ಭಾನುವಾರಕ್ಕೆ 25 ಗಂಟೆ, ಗೊತ್ತಾ? ಯೂರೋಪಿನಲ್ಲಿ ಅಕ್ಟೋಬರ್ ತಿಂಗಳ ಕೊನೆಯ ಭಾನುವಾರ ಗಡಿಯಾರವನ್ನು ಒಂದು ಗಂಟೆ ಹಿಂದಕ್ಕೆ ತಿರುಗಿಸುತ್ತಾರೆ. ಬೆಳಗ್ಗೆ ಎದ್ದಾಗ ಕೈಗಡಿಯಾರದಲ್ಲಿ ಆರು, ಫೋನಿನಲ್ಲಿ ಐದು. ಕಲ್ಲಿನ ಕೆಲಸದ ಮಷೀನಿನ ತರಬೇತಿಗೆ ಇಲ್ಲಿಗೆ ಬಂದ ಮೇಲೆ ಸಿಕ್ಕ ಒಂದೇ ರಜೆ ಇದು. ಅದರಲ್ಲೂ ಒಂದು ಗಂಟೆ ಜಾಸ್ತಿ ಸಿಕ್ಕಿತಲ್ಲ ಅಂತ ಬಹಳ ಖುಷಿಯಾಯಿತು.

ರೈಲು ಕದೋರ್ನಾ ಎಂಬ ಸ್ಟೇಷನ್ನಿಗೆ ಬಂತು. ಅಲ್ಲಿಂದ ಸ್ವಲ್ಪ ನಡೆದರೆ ಸಾಂತಾ ಮರಿಯಾ ದೆಲ್ಲೆ ಗ್ರಾತ್ಸಿಯೆ ಚರ್ಚು. ಲಿಯೊನಾರ್ಡೊ ಡಾ ವಿಂಚಿಯ 'ಕೊನೆಯ ಭೋಜನ' ಇರುವುದು ಅದರ ಪಕ್ಕದ ಮಠದ ಊಟದ ಮನೆಯ ಗೋಡೆಯ ಮೇಲೆ. ನಿನ್ನ ಪಟ್ಟಿಯಲ್ಲಿ ಮೊದಲನೆಯದು ಅದೇ ಅಲ್ವಾ? ನನಗೆ ನೋಡಲು ಆಗಲಿಲ್ಲ. ಸ್ವಲ್ಪ ಸ್ವಲ್ಪ ಜನರನ್ನೇ 15 ನಿಮಿಷದ ಮಟ್ಟಿಗೆ ಒಳಗೆ ಬಿಡುತ್ತಾರೆ, ಟಿಕೆಟ್ ಎಷ್ಟೋ ದಿನ ಮೊದಲೇ ಮುಗಿದಿರುತ್ತದೆ. ನೀನು ಬರುವುದಾದರೆ ವಿಮಾನದ ಟಿಕೆಟ್ಟಿಗಿಂತ ಮೊದಲು ಇದನ್ನು ಮಾಡಿಸು. ಹೊರಗೆ ನಿಂತು ಆ ಗೋಡೆಯನ್ನೇ ನೆನೆದೆ. 1943ರ ಆಗಸ್ಟಿನಲ್ಲಿ ಇಲ್ಲಿ ಬಾಂಬು ಬಿದ್ದು ಊಟದ ಮನೆಯ ಚಾವಣಿ, ಒಂದು ಪಕ್ಕದ ಗೋಡೆ ಎಲ್ಲ ಕುಸಿದವು. ಚಿತ್ರವಿದ್ದ ಗೋಡೆಗೆ ಮೊದಲೇ ಮರಳಿನ ಚೀಲ ಪೇರಿಸಿದ್ದರು. ಅದು ನಿಂತೇ ಇತ್ತು.

ಅಲ್ಲಿಂದ ಸ್ಫೋರ್ಜಾ ಕೋಟೆ. ಕೆಂಪು ಇಟ್ಟಿಗೆಯ ದೊಡ್ಡ ಕೋಟೆ. ಅದರ ಅಂಗಳದ ಒಂದು ಬದಿಗೆ ಬೇರೆಯಾಗಿಯೇ ಒಂದು ಹಾಲ್ ಇದೆ. ಒಳಗಿರುವುದು ಒಂದೇ ಶಿಲ್ಪ, ಮೈಕೆಲಾಂಜೆಲೊ ಕೆತ್ತಿದ 'ರೊಂಡಾನಿನಿ ಪಿಯೆತಾ'. ನಾನು ಅರ್ಧ ದಿನ ಕಳೆದದ್ದು ಇಲ್ಲೇ ಅಂದರೂ ಸರಿ.

ಒಳಗೆ ಹೋಗುತ್ತಲೇ ಮೊದಲು ಕಾಣುವುದು ಅದರ ಬೆನ್ನು. ಬಾಗಿದ ಬೆನ್ನು, ಒರಟು ಕಲ್ಲು. ಸುತ್ತು ಹಾಕಿ ಮುಂದೆ ಬಂದರೆ ತಾಯಿ ಮೇರಿ ಸತ್ತ ಮಗನನ್ನು ಹಿಂದಿನಿಂದ ಹಿಡಿದು ನಿಂತಿದ್ದಾಳೆ. ಇಬ್ಬರ ಮುಖವೂ ಪೂರ್ತಿಯಾಗಿಲ್ಲ. ಕಾಲುಗಳಿಗೆ ಮಾತ್ರ ನುಣುಪು ಬಂದಿದೆ. ಪಕ್ಕದಲ್ಲಿ ಒಂದು ತೋಳು, ಯಾವ ಮೈಗೂ ಅಂಟದೆ ಒಂಟಿಯಾಗಿ ನಿಂತಿದೆ. ಮೊದಲು ಕೆತ್ತಿದ್ದ ಯೇಸುವಿನ ತೋಳು ಅದು. ಆಮೇಲೆ ಮೈಕೆಲಾಂಜೆಲೊ ಮನಸ್ಸು ಬದಲಾಯಿಸಿ, ಕೆತ್ತಿದ್ದನ್ನೇ ಒಡೆದು, ಉಳಿದ ಕಲ್ಲಿನಲ್ಲಿ ಬೇರೆ ಮೈ ಹುಡುಕಿದ. ಆಗ ತೋಳು ಹಾಗೇ ಉಳಿಯಿತು.

ನಿನಗೆ ಗೊತ್ತಲ್ಲ, ನಮ್ಮ ಕೆಲಸದಲ್ಲಿ ತೆಗೆದ ಕಲ್ಲನ್ನು ಮತ್ತೆ ಅಂಟಿಸಲು ಬರುವುದಿಲ್ಲ. ಆಗಲೇ ಮುಗಿಯುತ್ತಾ ಬಂದ ಕಲ್ಲಿನ ಮೇಲೆ ಮತ್ತೆ ಚಾಣ ಇಡಬೇಕಾದರೆ ಎಷ್ಟು ಧೈರ್ಯ ಬೇಕು! 1564ರ ಫೆಬ್ರವರಿಯಲ್ಲಿ ಸಾಯುವ ಕೆಲವೇ ದಿನ ಮುಂಚೆಯೂ ಅವನು ಇದರ ಮೇಲೆ ಕೆಲಸ ಮಾಡುತ್ತಿದ್ದ. ಆಗ ವಯಸ್ಸು 88. ಮೇರಿಯ ಮುಖದ ಮೇಲೆ ಹಲ್ಲು ಚಾಣದ ಗೆರೆಗಳು ಸಾಲುಸಾಲಾಗಿ ಹಾಗೇ ಇವೆ. ಕೈ ಎಲ್ಲಿ ಗಟ್ಟಿಯಾಗಿ ಹೊಡೆದಿದೆ, ಎಲ್ಲಿ ಹಗುರವಾಗಿದೆ ಅಂತ ನನಗೆ ಓದಲು ಬರುತ್ತಿತ್ತು. ಅಜ್ಜನ ನೆನಪಾಗಿ ಕಣ್ಣು ತುಂಬಿ ಬಂತು. ಕಣ್ಣು ಮಂಜಾದ ಮೇಲೂ ಅಜ್ಜ ಶೆಡ್ಡಿಗೆ ಬಂದು, ಸುತ್ತಿಗೆಯಿಂದ ಕಲ್ಲನ್ನು ಕುಟ್ಟಿ, ಸದ್ದು ಕೇಳಿ, ಒಳಗೆ ಬಿರುಕಿದೆ ಅಂತ ಹೇಳುತ್ತಿದ್ದರಲ್ಲ. ಬೆಂಚಿನ ಮೇಲೆ ಸುಮ್ನೆ ಕೂತೆ. ನಿನ್ನ ಪಟ್ಟಿಯ ಮೂರು ಜಾಗ ತಪ್ಪಿದ್ದು ಇಲ್ಲಿಯೇ, ಅವ್ವಾ.

ಅಲ್ಲಿಂದ ಟ್ರಾಮ್ ಹತ್ತಿದೆ. 1928ರ ಕಾಲದ ಟ್ರಾಮುಗಳು ಇನ್ನೂ ಓಡುತ್ತಿವೆ, ಒಳಗೆ ಮರದ ಬೆಂಚು. ಇಳಿದು ಗ್ಯಾಲರಿಯಾ ಎಂಬ ಗಾಜಿನ ಚಾವಣಿಯ ಬೀದಿಯಲ್ಲಿ ನಡೆದು ಹೋದೆ. ಚೆನ್ನಾಗಿದೆ, ಆದರೆ ಅಂಗಡಿಗಳೆಲ್ಲ ನಮ್ಮ ಜೇಬಿಗೆ ದೂರ. ಊಟಕ್ಕೆ ಇಲ್ಲಿಯ ಕೇಸರಿ ಹಾಕಿದ ಅನ್ನ ಹೆಸರುವಾಸಿ. ಅದನ್ನು ಸಾಮಾನ್ಯವಾಗಿ ಮಾಂಸದ ಸಾರಿನಲ್ಲಿ ಬೇಯಿಸುತ್ತಾರೆ, ಮೂಳೆಯ ಮಜ್ಜೆಯನ್ನೂ ಹಾಕುತ್ತಾರೆ. ನೋಡಲು ಹಾಗೆ ಕಾಣುವುದಿಲ್ಲ, ನೀನು ಬಂದಾಗ ಕೇಳಿ ತಿನ್ನು. ನಾನು ಟೊಮೇಟೊ, ಚೀಸಿನ ಪಿಜ್ಜಾ ತಿಂದೆ.

ಆಮೇಲೆ ದುವೊಮೊ, ಮಿಲಾನಿನ ದೊಡ್ಡ ಚರ್ಚು. 1386ರಲ್ಲಿ ಕಟ್ಟಲು ಶುರು ಮಾಡಿದರು. ಕೊನೆಯ ಬಾಗಿಲು ಕೂರಿಸಿದ್ದು 1965ರಲ್ಲಿ. ಚಾವಣಿಯ ಮೇಲೆ ನಡೆದಾಡಲು ಬಿಡುತ್ತಾರೆ, ಅಲ್ಲಿಯೂ ಕಾಲ ಕೆಳಗೆ ಅಮೃತಶಿಲೆಯೇ. 135 ಶಿಖರಗಳು, ಒಂದೊಂದರ ತುದಿಯಲ್ಲೂ ಒಂದು ಮೂರ್ತಿ. ಕೆಳಗಿನಿಂದ ಯಾರಿಗೂ ಕಾಣದ ಮೂಲೆಯಲ್ಲಿ ಕೂಡ ಎಲೆ, ಹೂವು ಕೆತ್ತಿದ್ದಾರೆ. ಕಲ್ಲು ಬರೀ ಬಿಳಿ ಅಂದುಕೊಂಡಿದ್ದೆ. ಹತ್ತಿರದಿಂದ ನೋಡಿದರೆ ತೆಳು ಗುಲಾಬಿ, ನಡುವೆ ಬೂದು ಎಳೆ. ಕೆಲವು ಕಡೆ ಹಳೆಯ ಕಪ್ಪು ಕಲ್ಲಿನ ಪಕ್ಕದಲ್ಲೇ ಹೊಸದಾಗಿ ಕೂರಿಸಿದ ಕಲ್ಲು ಹೊಳೆಯುತ್ತಿತ್ತು. ಅಮೃತಶಿಲೆ ನಮ್ಮ ಕೆಂಪು ಗ್ರಾನೈಟಿನಂತೆ ಗಟ್ಟಿಯಲ್ಲ, ಹೊಗೆ ತುಂಬಿದ ಊರಿನ ಮಳೆ ಅದನ್ನು ತಿಂದುಹಾಕುತ್ತದೆ. ಅದಕ್ಕೇ ಹಾಳಾದ ತುಂಡುಗಳನ್ನು ತೆಗೆದು ಹೊಸದು ಕೆತ್ತಿ ಕೂರಿಸುತ್ತಲೇ ಇರುತ್ತಾರೆ. 1387ರಲ್ಲಿ ಇದಕ್ಕೆಂದೇ ಶುರುವಾದ ಸಂಸ್ಥೆ ಇವತ್ತಿಗೂ ಆ ಕೆಲಸ ನೋಡಿಕೊಳ್ಳುತ್ತಿದೆ. ಕಲ್ಲು ಕೂಡ ಅದೇ ಹಳೆಯ ಗಣಿಯದು, ಕಾಂದೋಲ್ಯಾ ಅಂತ ಬೆಟ್ಟದ ಊರು. ಆರುನೂರು ವರ್ಷ ಒಂದೇ ಗಣಿಯ ಕಲ್ಲು! ಇದನ್ನು ನಮ್ಮ ಶೆಡ್ಡಿನವರಿಗೆಲ್ಲ ಹೇಳಬೇಕು.

ಚರ್ಚಿನ ಒಳಗೆ ಬಾಗಿಲ ಹತ್ತಿರ ನೆಲದಲ್ಲಿ ಒಂದು ಹಿತ್ತಾಳೆ ಪಟ್ಟಿ ಇದೆ. 1786ರಲ್ಲಿ ಇಲ್ಲಿಯ ಖಗೋಳ ಶಾಸ್ತ್ರಜ್ಞರು ಹಾಕಿದ್ದು. ಮೇಲೆ ಒಂದು ತೂತು. ಮಧ್ಯಾಹ್ನ ಸೂರ್ಯ ನೆತ್ತಿಯ ಗೆರೆ ದಾಟುವಾಗ ಬೆಳಕಿನ ಚುಕ್ಕೆ ಆ ಪಟ್ಟಿಯ ಮೇಲೆ ಬೀಳುತ್ತದೆ. ಪಕ್ಕದಲ್ಲಿ ರಾಶಿಗಳ ಚಿತ್ರ. ಅವರ ಲೆಕ್ಕದಲ್ಲಿ ಈಗ ಸೂರ್ಯ ವೃಶ್ಚಿಕಕ್ಕೆ ಬಂದಾಯಿತು, ನಮ್ಮ ಪಂಚಾಂಗದಲ್ಲಿ ಇನ್ನೂ ತುಲೆ. ನಾನು ಹೋಗುವಷ್ಟರಲ್ಲಿ ಚುಕ್ಕೆ ದಾಟಿಹೋಗಿತ್ತು. ನೀನು 12 ಗಂಟೆಗೆ ಮುಂಚೆಯೇ ಹೋಗು.

ಸಂಜೆ ಕಾಲುವೆಗೆ ಹೋದೆ, ನವೀಲ್ಯೋ ಗ್ರಾಂದೆ. ಇದು ನಿನ್ನ ಪಟ್ಟಿಯಲ್ಲಿ ಕೊನೆಯದಾಗಿತ್ತು, ನನಗೆ ಬಹಳ ಮುಖ್ಯವಾಗಿತ್ತು. ಕಾಂದೋಲ್ಯಾದ ಕಲ್ಲು ನದಿಗೆ ಇಳಿದು, ಮಜ್ಜೋರೆ ಸರೋವರ ದಾಟಿ, ಈ ಕಾಲುವೆಯಲ್ಲೇ ದೋಣಿಯ ಮೇಲೆ ಮಿಲಾನಿಗೆ ಬರುತ್ತಿತ್ತು. ಒಂದೊಂದು ಬ್ಲಾಕಿನ ಮೇಲೂ ಎ, ಯು, ಎಫ್ ಅಂತ ಮೂರು ಅಕ್ಷರ. ಚರ್ಚಿನ ಕೆಲಸಕ್ಕೆ ಅಂತ ಅದರ ಅರ್ಥ. ಆ ಗುರುತಿದ್ದರೆ ಸುಂಕ ಇಲ್ಲ. ನಾವು ಬ್ಲಾಕಿಗೆ ಕೆಂಪು ಬಣ್ಣದಲ್ಲಿ ನಂಬರ್ ಬರೆಯುತ್ತೇವಲ್ಲ, ಹಾಗೆ.

ತಿಂಗಳ ಕೊನೆಯ ಭಾನುವಾರ ಈ ಕಾಲುವೆಯ ದಂಡೆಯಲ್ಲಿ ಹಳೆಯ ಸಾಮಾನುಗಳ ಸಂತೆ. ಐದು ಗಂಟೆ ದಾಟುತ್ತಲೇ ಕತ್ತಲಾಯಿತು, ನೀರಿನಲ್ಲಿ ದೀಪ ಕಾಣತೊಡಗಿದವು. ಅಂಗಡಿಯವರು ಗಡಿಯಾರ, ಪಿಂಗಾಣಿ ಎಲ್ಲ ಪೆಟ್ಟಿಗೆಗೆ ತುಂಬುತ್ತಿದ್ದರು. ಒಬ್ಬ ಮುದುಕರ ಮೇಜಿನ ಮೇಲೆ ಒಂದು ಚಾಣ ಬಿದ್ದಿತ್ತು. ಪೆಟ್ಟು ತಿಂದು ತಿಂದು ತಲೆ ಹೂವಿನ ಹಾಗೆ ಅರಳಿದೆ, ಅಜ್ಜನ ಚಾಣಗಳ ಹಾಗೆಯೇ. ನಾನು ಹಿಡಿದ ರೀತಿ ನೋಡಿ ಅವರು ನನ್ನ ಅಂಗೈ ತಿರುಗಿಸಿ ನೋಡಿದರು. ಇಬ್ಬರಿಗೂ ಭಾಷೆ ಬರಲಿಲ್ಲ. ಹೇಳಿದ್ದಕ್ಕಿಂತ ಎರಡು ಯೂರೋ ಕಡಿಮೆಯೇ ತೆಗೆದುಕೊಂಡರು.

ಕೈಚೀಲದಲ್ಲಿ ತರಲು ವಿಮಾನದವರು ಬಿಡುವುದಿಲ್ಲ, ದೊಡ್ಡ ಬ್ಯಾಗಿನಲ್ಲಿ ಅಂಗಿ ಸುತ್ತಿ ಇಟ್ಟಿದ್ದೇನೆ. ಅಜ್ಜನ ಪೆಟ್ಟಿಗೆಯಲ್ಲಿ ಸ್ವಲ್ಪ ಜಾಗ ಮಾಡಿಡು.

ನಿನ್ನ ಅಪ್ಪ