ಯಂತ್ರದ ಚರ್ಚೆಯಲ್ಲಿ ಹೆಣ್ಣಿನ ಮಾತೂ ಬರಲಿ

ಮಾನ್ಯರೆ,

ಮನುಷ್ಯ ಮತ್ತು ಯಂತ್ರದ ನಡುವಿನ ಗೆರೆ ಅಳಿಸಿಹೋಗುತ್ತಿದೆ ಎಂದು ಹೇಳುತ್ತ ಈಗ ನಿಮ್ಮ ಪತ್ರಿಕೆಯಲ್ಲಿ ಬರುವ ಲೇಖನಗಳಲ್ಲಿ ಸ್ತ್ರೀವಾದಿ ಚಿಂತಕಿಯರ ಹೆಸರೇ ಕಾಣುವುದಿಲ್ಲ. ಬೇಸರದ ಸಂಗತಿ ಇದು.

ಅಮೆರಿಕದ ಸ್ತ್ರೀವಾದಿ ಚಿಂತಕಿ ಡೊನಾ ಹ್ಯಾರವೇ ಅವರು ಈ ಮಾತನ್ನು 1985ರಲ್ಲೇ ಎತ್ತಿದ್ದರು. ಅರ್ಧ ಜೀವಿ, ಅರ್ಧ ಯಂತ್ರವಾದ ಸೈಬಾರ್ಗನ್ನು ಮುಂದಿಟ್ಟುಕೊಂಡು, ಹೆಣ್ಣು ಅಂದರೆ ಹೀಗೇ ಇರಬೇಕು ಎನ್ನುವ ಹಳೇ ಅಚ್ಚನ್ನೇ ಅವರು ಪ್ರಶ್ನಿಸಿದರು, ಜೊತೆಗೆ ಏಷ್ಯಾದ ಎಲೆಕ್ಟ್ರಾನಿಕ್ಸ್ ಕಾರ್ಖಾನೆಗಳಲ್ಲಿ ದುಡಿಯುವ ಹೆಣ್ಣುಮಕ್ಕಳನ್ನೂ ಮರೆಯಲಿಲ್ಲ. ಲಿಯೊನಾರ್ಡೊ ಬರೆದ, ವೃತ್ತದೊಳಗೆ ಕೈಕಾಲು ಚಾಚಿ ನಿಂತ ಗಂಡಸಿನ ಚಿತ್ರ ನಮಗೆಲ್ಲ ಗೊತ್ತು. ಎಲ್ಲ ಮನುಷ್ಯರಿಗೂ ಇವನೇ ಅಳತೆಗೋಲಾದದ್ದು ಹೇಗೆ ಎಂದು ಸ್ತ್ರೀವಾದಿ ತತ್ವಚಿಂತಕಿ ರೋಸಿ ಬ್ರೈಡೋಟಿ ತಮ್ಮ 2013ರ ಪುಸ್ತಕದಲ್ಲಿ ಕೇಳುತ್ತಾರೆ. ಆ ಅಳತೆಗೆ ಹೊಂದದ ಎಷ್ಟೋ ಜನರನ್ನು ಪೂರ್ತಿ ಮನುಷ್ಯರೆಂದು ಒಪ್ಪಿಕೊಂಡೇ ಇರಲಿಲ್ಲ, ಅಲ್ವಾ?

ಇದು ಸುಮ್ನೆ ಪುಸ್ತಕದ ಮಾತಲ್ಲ. ಫೋನು, ಸ್ಪೀಕರುಗಳಲ್ಲಿ ಹೇಳಿದ ಕೆಲಸ ಮಾಡುವ ಸಿರಿ, ಅಲೆಕ್ಸಾದಂಥ ಧ್ವನಿ ಸಹಾಯಕಗಳಿಗೆ ಹೆಣ್ಣಿನ ದನಿ ಕೊಟ್ಟರು. ಕೆಟ್ಟದಾಗಿ ಬೈದರೂ ಸಿರಿ ನಾಚಿಕೊಂಡಂತೆ ಉತ್ತರಿಸುತ್ತಿದ್ದುದನ್ನು ಯುನೆಸ್ಕೊ 2019ರ ವರದಿಯಲ್ಲಿ ಎತ್ತಿ ತೋರಿಸಿತ್ತು. ಯಂತ್ರ ಹೊಸದು, ಹೆಣ್ಣಿನ ಬಗೆಗಿನ ಎಣಿಕೆ ಹಳೆಯದೇ.

ಕೃತಕ ಬುದ್ಧಿಮತ್ತೆ ಬಗ್ಗೆ ಬರೆಸುವಾಗ ಎಂಜಿನಿಯರುಗಳ ಜೊತೆ ಮಹಿಳಾ ಅಧ್ಯಯನ ವಿಭಾಗದವರಿಂದಲೂ ಬರೆಸಿ. ಈ ಚಿಂತಕಿಯರ ವಿಚಾರಗಳನ್ನು ಸರಳ ಕನ್ನಡದಲ್ಲಿ ಭಾನುವಾರದ ಪುರವಣಿಯಲ್ಲಿ ಪರಿಚಯಿಸಿ.

– ಓದುಗ